ಬೋರ್ಡಿನ ಕೊನೆಯ ಸಾಲು

ಮುಖ್ಯೋಪಾಧ್ಯಾಯಿನಿಯವರಿಗೆ, ಒಂದನೇ ತರಗತಿಗೆ ಬಂದಿರುವ ಟ್ರೈನಿಂಗ್ ವಿದ್ಯಾರ್ಥಿನಿಯ ನಮಸ್ಕಾರಗಳು.

ಮೇಡಂ, ನಿನ್ನೆ ನೀವು ಬಂದಾಗ ಬೆಂಚುಗಳು ವರಾಂಡದಲ್ಲಿದ್ದವು, ಕ್ಲಾಸು ಸಂತೆಯಾಗಿತ್ತು. ಅದು ಯಾಕೆಂದು ತಿಳಿಸಲು ಈ ಪತ್ರ.

"ಬೆಂಚು ಒಳಗಿಡಿ, ಬೋರ್ಡ್ ಮೇಲಿನ ತಪ್ಪು ಲೆಕ್ಕ ಅಳಿಸಿ. ಇಲ್ಲಾಂದ್ರೆ ನಿಮ್ಮ ಟ್ರೈನಿಂಗ್ ಬುಕ್‌ಗೆ ಸೈನ್ ಹಾಕಲ್ಲ" ಎಂದಿರಿ. ಬೆಂಚು ಒಳಗಿಟ್ಟಿದ್ದೇನೆ. ಲೆಕ್ಕ ಅಳಿಸಿಲ್ಲ.

ಮಕ್ಕಳು ಹೆಜ್ಜೆಗೆ ಹೆಜ್ಜೆ ತಾಗಿಸಿ ಪಾದದಿಂದ ಕೋಣೆ ಅಳೆದಿದ್ದರು. ಅವರಿಗೆಲ್ಲ ನಲವತ್ತರ ಮೇಲೆ ಬಂತು, ನನಗೆ ಇಪ್ಪತ್ತೊಂಬತ್ತು. ಎಲ್ಲವನ್ನೂ ಅವರವರ ಹೆಸರಿನ ಮುಂದೆ ಬೋರ್ಡ್ ಮೇಲೆ ಬರೆದೆ. "ಮಿಸ್‌ಗೇ ಎಣಿಸೋಕೆ ಬರಲ್ಲ!" ಎಂದು ನಕ್ಕರು. ಆಗ, ಶಾಲೆ ಶುರುವಾದಾಗಿನಿಂದ ತುಟಿ ಪಿಟಕ್ಕೆನ್ನದ ನಮ್ಮ ಗುಬ್ಬಿ ನನ್ನ ಪಾದದ ಪಕ್ಕ ತನ್ನದಿಟ್ಟು ನೋಡಿ, "ಮಿಸ್ ಕಾಲು ದೊಡ್ದು ಕಣ್ರೋ, ಅದಕ್ಕೇ ಕಮ್ಮಿ ಬಂತು" ಅಂದಳು. ನಿಮಗೆ ಕೇಳಿಸಿದ್ದು ಆಮೇಲಿನ ಗಲಾಟೆ.

ಹಾಸ್ಟೆಲ್‌ನಲ್ಲಿ ಬೆಲ್ಲಿಗೆ ಕೂತು ಬೆಲ್ಲಿಗೆ ಎದ್ದು ಬೆಳೆದವಳು ನಾನು. ಯಾರನ್ನೂ ಕೇಳದೆ ಬೆಂಚು ಕದಲಿಸಿದ್ದು ಇದೇ ಮೊದಲು. ಕೇಳದೇ ಇದ್ದದ್ದಕ್ಕೆ ಸಾರಿ. ಆದರೆ ಗುಬ್ಬಿಯ ನಲವತ್ತನಾಲ್ಕನ್ನು ತಪ್ಪೆಂದು ಅಳಿಸಿದರೆ ಅವಳು ಮತ್ತೆ ಬಾಯಿ ಬಿಡುವುದಿಲ್ಲ. ಸೈನ್ ಸಿಗದಿದ್ದರೂ ಆ ಕೆಲಸ ನನ್ನಿಂದಾಗದು.

ಒಂದೇ ರಿಕ್ವೆಸ್ಟ್: ಸೋಮವಾರ ಹತ್ತು ಗಂಟೆಗೆ ಬನ್ನಿ. ನಾನೂ ಆಯಮ್ಮನೂ ಸದ್ದಾಗದಂತೆ ಬೆಂಚು ಎತ್ತಿಟ್ಟಿರುತ್ತೇವೆ. ಬೋರ್ಡಿನ ಕೊನೆಯ ಸಾಲಿನಲ್ಲಿ ಮಕ್ಕಳು "ದೊಡ್ಡ ಮಿಸ್" ಎಂದು ಬರೆಸಿ, ಮುಂದೆ ಜಾಗ ಬಿಟ್ಟಿದ್ದಾರೆ. ನಿಮಗೆ ಮೂವತ್ತೊಂದು ಬರುತ್ತದಂತೆ. ಬಾಗಿಲಲ್ಲಿ ನೀವು ನನ್ನನ್ನು ಗದರುತ್ತಿದ್ದಾಗ ಗುಬ್ಬಿ ನಿಮ್ಮ ಚಪ್ಪಲಿಯನ್ನೇ ನೋಡುತ್ತಿದ್ದಳು.

ಇಂತಿ, ಬುಕ್ ಹಿಡಿದು ಕಾಯುತ್ತಿರುವ,
ನಿಮ್ಮ ಟ್ರೈನೀ