ಹಗಲು ನಿದ್ದೆಯ ಮನೆಗೊಂದು ಗಿಟಾರ್

ಜನವರಿ 6, ಸೋಮವಾರ. ಬೆಳಿಗ್ಗೆ 10.20

ಸುಹಾಸ ಮಲಗಿದ. ಪರದೆ ಎಳೆದಾಯಿತು. ಫೋನ್ ಸೈಲೆಂಟ್. ಬಾಗಿಲ ಬೆಲ್ಲಿಗೆ ಅಂಟಿಸಿದ ಟೇಪ್ ಹಾಗೇ ಇದೆ — ಬಂದವರು ಬೆರಳಲ್ಲಿ ಟಕ್ ಟಕ್ ಅನ್ನಬೇಕು, ನಾನು ಓಡಬೇಕು. ಕಾಯಿ ತುರಿದಿಟ್ಟಿದ್ದೇನೆ. ರುಬ್ಬುವುದು ಮೂರು ಗಂಟೆಯ ಮೇಲೆ. ಮಿಕ್ಸಿ ಹಾಕಿದರೆ ಗಂಡ ಎದ್ದು ಕೂರುತ್ತಾನೆ. ಏರ್‌ಪೋರ್ಟ್ ಕಾರ್ಗೋದಲ್ಲಿ ಹದಿನಾಲ್ಕು ವರ್ಷದಿಂದ ನೈಟ್ ಡ್ಯೂಟಿ ಅವನದು. ಬೆಳಿಗ್ಗೆ ಒಂಬತ್ತೂವರೆಗೆ ಬರುತ್ತಾನೆ, ದೋಸೆ ತಿನ್ನುತ್ತಾನೆ, ಮಲಗುತ್ತಾನೆ.

(ಎದುರಿಗೆ 'ನೀವು', ಇಲ್ಲಿ 'ಅವನು'. ಡೈರಿಯಲ್ಲಾದರೂ ಇಷ್ಟು ಸಲಿಗೆ ಬೇಡವೇ.)

ಹತ್ತರಿಂದ ಒಂದರವರೆಗೆ ನನಗೆ ಕೆಲಸವಿಲ್ಲ. ಮಗ ಮನೀಶ್ ಕಾಲೇಜಿಗೆ ಹೋಗಿರುತ್ತಾನೆ, ಟ್ಯೂಷನ್ ಮಕ್ಕಳು ಬರುವುದು ನಾಲ್ಕಕ್ಕೆ. ಮೂರು ಗಂಟೆ ಬಾಯಿಗೆ ಬೀಗ, ಕೈಗೂ ಬೀಗ.

ಇವತ್ತು ತೀರ್ಮಾನ ಮಾಡಿದೆ. ಗಿಟಾರ್ ತೆಗೆದುಕೊಳ್ಳುತ್ತೇನೆ.

ನಲವತ್ಮೂರು ವರ್ಷದ ಹೆಂಗಸಿಗೆ ಇದು ಬೇಕಾ? ಬೇಕು.

ಜನವರಿ 7, ಮಂಗಳವಾರ. 10.45

ಇದನ್ನು ಒಮ್ಮೆ ಬರೆದುಬಿಡಬೇಕು, ಇಲ್ಲದಿದ್ದರೆ ಮುಂದೆ ಹೋಗಲಾಗುವುದಿಲ್ಲ.

ಕಾಲೇಜಿನಲ್ಲಿದ್ದಾಗ ಮಾಟುಂಗಾದ ಆರ್ಕೆಸ್ಟ್ರಾದಲ್ಲಿ ಬಾರಿಸುತ್ತಿದ್ದೆ. ಮದುವೆಯಾಗಿ ಸಯನ್‌ಗೆ ಬಂದಾಗ ಗಿಟಾರೂ ಜೊತೆಗೆ ಬಂತು. ದೊಡ್ಡ ಹೊಟ್ಟೆಯ ಅಕೌಸ್ಟಿಕ್. ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ, ಸುಹಾಸ ಎರಡು ಶಿಫ್ಟ್ ಒಟ್ಟಿಗೆ ಮುಗಿಸಿ ಬಂದಿದ್ದ. ಅಡುಗೆಮನೆಯಲ್ಲಿ ಮೆಲ್ಲಗೆ ಬಾರಿಸುತ್ತಿದ್ದೆ. ಮೆಲ್ಲಗೆ ಅಂತ ನಾನು ಅಂದುಕೊಂಡಿದ್ದೆ. ಪರದೆಯ ಒಳಗಿನಿಂದ ಕೂಗಿದ — "ನಿಲ್ಲಿಸ್ತೀಯಾ ಇಲ್ವಾ ಅದನ್ನು!" ಅವನು ನನ್ನ ಮೇಲೆ ಹಾಗೆ ಕೂಗಿದ್ದು ಅದೇ ಮೊದಲು.

ಆ ಸಂಜೆಯೇ ಗಿಟಾರನ್ನು ಮೂರನೇ ಮಾಳಿಗೆಯ ಹುಡುಗಿಗೆ ಕೊಟ್ಟುಬಿಟ್ಟೆ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಅವನದು ತಪ್ಪಲ್ಲ, ನಿದ್ದೆಗೆಟ್ಟ ಮನುಷ್ಯ ಏನು ಮಾಡಿಯಾನು? ನನ್ನದೂ ತಪ್ಪಲ್ಲ. ಅದಾದ ಮೇಲೆ ಮನೆಯಲ್ಲಿ ಯಾರೂ ಗಿಟಾರ್ ಎಂಬ ಶಬ್ದವನ್ನೇ ಎತ್ತಿಲ್ಲ.

ಈಗ ನನಗೆ ಬೇಕಾದ್ದು ಇಷ್ಟೇ. ಅವನು ಮಲಗಿರುವಾಗಲೇ ಬಾರಿಸಬೇಕು. ಅವನು ಏಳಬಾರದು. ಇನ್ನೊಮ್ಮೆ ಆ ಕೂಗು ಕೇಳಿದರೆ... ಇನ್ನು ಮುಟ್ಟುವುದಿಲ್ಲ, ಅಷ್ಟೇ.

ಜನವರಿ 8, ಬುಧವಾರ

ಮನೀಶನಿಗೆ ಹೇಳಿದೆ. ನಗಲಿಲ್ಲ, ಪುಣ್ಯ.

"ಸಿಂಪಲ್ ಅಮ್ಮಾ. ಇಲೆಕ್ಟ್ರಿಕ್ ತಗೋ, ಹೆಡ್‌ಫೋನ್ ಹಾಕ್ಕೋ."

"ಹೆಡ್‌ಫೋನ್ ಹಾಕಿದ್ರೆ ಬಾಗಿಲು ತಟ್ಟಿದ್ದು ನಿನ್ನ ಅಜ್ಜ ಬಂದು ಕೇಳ್ತಾರಾ? ಒಲೆ ಮೇಲೆ ಹಾಲು ಉಕ್ಕಿದ್ದು?"

ತಲೆ ಕೆರೆದುಕೊಂಡ. ಫೋನಿನಲ್ಲಿ ಏನೋ ಹುಡುಕಿ ಕೈಗೆ ಕೊಟ್ಟ. ಸೆಮಿ-ಹಾಲೋ ಅಂತೆ. ಇಲೆಕ್ಟ್ರಿಕ್ಕೇ, ಆದರೆ ಎರಡೂ ಬದಿ ಒಳಗೆ ಟೊಳ್ಳು, ನಡುವೆ ಮಾತ್ರ ಗಟ್ಟಿ ಮರದ ದಿಮ್ಮಿ. ಮೇಲೆ ಪಿಟೀಲಿಗೆ ಇರುವಂಥ ಎರಡು ಕೊರೆದ ಕಂಡಿ. ಆಂಪ್ ಅನ್ನುವ ಸ್ಪೀಕರ್ ಪೆಟ್ಟಿಗೆಗೆ ಸಿಕ್ಕಿಸದೆಯೂ ಬಾರಿಸುವವರಿಗೆ ಕೇಳುತ್ತದೆ, ಪಕ್ಕದ ಕೋಣೆಗೆ ಹೋಗುವುದಿಲ್ಲ — ವಿಡಿಯೋದವನು ಹೇಳುವುದು. ಅವನ ಮನೆಯಲ್ಲಿ ಇಟ್ಟಿಗೆ ಗೋಡೆ ಇರಬಹುದು. ನನ್ನದು ಪರದೆ.

ಆದರೂ! ಹದಿನಾಲ್ಕು ವಿಡಿಯೋ ನೋಡಿದೆ. ಪಲ್ಯ ತಳ ಹಿಡಿಯಿತು. ಇಬ್ಬರೂ ಅದನ್ನೇ ತಿಂದರು.

ಜನವರಿ 11, ಶನಿವಾರ. ಸಂಜೆ 7

ಗ್ರಾಂಟ್ ರೋಡ್‌ಗೆ ಹೋಗಿ ಬಂದೆ. ದಾದರ್‌ನಲ್ಲಿ ಲೋಕಲ್ ಟ್ರೇನ್ ಬದಲಿಸಿ, ಎಲ್ಲ ಸ್ಟೇಷನ್ನಿಗೂ ನಿಲ್ಲುವ ಸ್ಲೋ ಹಿಡಿದು. ಇಪ್ಪತ್ತು ವರ್ಷದ ಮೇಲೆ ಗಿಟಾರ್ ಅಂಗಡಿಯೊಳಗೆ ಕಾಲಿಟ್ಟಿದ್ದು. ಗೋಡೆ ತುಂಬ ಗಿಟಾರ್! ಒಂದು ನಿಮಿಷ ಸುಮ್ಮನೆ ನಿಂತೆ, ಸೀರೆ ಅಂಗಡಿಯಲ್ಲಿ ಕೂಡ ನಾನು ಹಾಗೆ ನಿಂತವಳಲ್ಲ.

ಸೇಲ್ಸ್‌ಮನ್ ಎಲ್ಲವನ್ನೂ ಆಂಪ್‌ಗೆ ಸಿಕ್ಕಿಸಲು ಬಂದ. ಬೇಡ ಅಂದೆ. ಸಾಂಬಾರ್ ಬೇಡ, ಬರೀ ಇಡ್ಲಿ ಕೊಡಿ ಅಂದವಳನ್ನು ನೋಡಿದ ಹಾಗೆ ನೋಡಿದ.

"ಮೇಡಂ, ಬಿನಾ ಆಂಪ್ ಇಲೆಕ್ಟ್ರಿಕ್ ಕೌನ್ ಲೇತಾ ಹೈ?"

"ಮೈ ಲೇತೀ ಹೂಂ." ನಾನು ಕೊಳ್ಳುತ್ತೇನೆ, ಆಂಪ್ ಇಲ್ಲದೆಯೇ.

ಮೂರು ಹಿಡಿದು ನೋಡಿದೆ. ಮೊದಲನೆಯದು ಗಟ್ಟಿ ಮರದ್ದು, ತೂಕವೋ ತೂಕ. ಆಂಪ್ ಇಲ್ಲದೆ ಬಾರಿಸಿದರೆ ಸೊಳ್ಳೆ ಗುಂಯ್ ಅಂದ ಹಾಗೆ. ಎರಡನೆಯದು ಪೂರ್ತಿ ಟೊಳ್ಳು. ಏನು ನಾದ ಮಾರಾಯ್ರೆ... ಆದರೆ ಅಂಗಡಿಯ ಮೂಲೆಯವನೂ ತಿರುಗಿ ನೋಡಿದ. ಅಂದರೆ ಸುಹಾಸ ಖಂಡಿತ ಏಳುತ್ತಾನೆ. ಮೂರನೆಯದು ಸೆಮಿ-ಹಾಲೋ. ಹಲಸಿನಕಾಯಿ ನೋಡುವ ಹಾಗೆ ಬೆರಳಲ್ಲಿ ತಟ್ಟಿದೆ. ನಡುವೆ ದಬ್ ದಬ್, ಬದಿಯಲ್ಲಿ ಟೊಂಯ್. ಸೇಲ್ಸ್‌ಮನ್ ನಗು ತಡೆದುಕೊಂಡ.

ತಂತಿ ಮೀಟಿದೆ. ಎದೆಗೆ ಒರಗಿದ ಮರ ನಡುಗಿದ್ದು ಗೊತ್ತಾಯಿತು. ಸದ್ದು ಮಾತ್ರ ಗೊತ್ತಾಗಲಿಲ್ಲ, ಅಷ್ಟರಲ್ಲಿ ಹಿಂದೆ ಯಾರೋ ಡ್ರಮ್ ಬಡಿಯತೊಡಗಿದ್ದ! ಆ ಗಲಾಟೆಯಲ್ಲಿ ನಮ್ಮ ಮನೆಯ ಹನ್ನೊಂದು ಗಂಟೆಯ ಮೌನವನ್ನು ಎಲ್ಲಿಂದ ತರಲಿ. ಬೆಲೆಯೂ ಕೈಗೆಟುಕುವಂತಿಲ್ಲ. ಹಳೆಯದು ನೋಡುವುದೇ ಸರಿ.

ಬೆರಳ ತುದಿ ಉರಿಯುತ್ತಿದೆ. ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ.

ಜನವರಿ 15, ಬುಧವಾರ

ಸಿಕ್ಕಿತು! ವಿಲೆ ಪಾರ್ಲೆ. ಸೆಮಿ-ಹಾಲೋ, ಮಾರುವವರ ಮನೆಗೆ ಬಂದು ಒಂದೂವರೆ ವರ್ಷ, ಹೊಸದರ ಅರ್ಧ ಬೆಲೆ. ಮಾರುವವಳು ಗುಲಾಫಶಾ ಅಂತ. ಹಿಂದಿಯಲ್ಲಿ ಶುರುವಾದ ಚಾಟ್ — ನನ್ನ ಹೆಸರು ನೋಡಿ "ಆಪ್ ಕನ್ನಡಾ?" ಅಂದಳು. ಅವಳ ತಂದೆಯ ಕಡೆಯವರು ವಿಜಯಪುರದವರಂತೆ.

ಇನ್ನು ಮುಚ್ಚಿಡಲಾಗದು. ದೋಸೆ ಹಾಕುತ್ತಾ, ಕಾವಲಿ ಕಡೆಗೇ ಮುಖ ಮಾಡಿ ಹೇಳಿಬಿಟ್ಟೆ. "ಒಂದು ಗಿಟಾರ್ ನೋಡಿದ್ದೇನೆ."

ದೋಸೆ ಕಪ್ಪಾಯಿತು.

"ಎಷ್ಟು ಶಬ್ದ ಮಾಡ್ತದೆ ಅದು?" ಅಂದ ಸುಹಾಸ.

"ಗೊತ್ತಿಲ್ಲ. ಕಮ್ಮಿ ಅಂತಾರೆ."

"ಗೊತ್ತಿಲ್ಲದೆ ತರುದು ಹೇಗೆ? ನಿದ್ದೆ ಮಾಡುದು ನಾನಲ್ವಾ. ನಾನೇ ಬಂದು ಮಲಗಿ ನೋಡ್ತೇನೆ."

ತಮಾಷೆ ಅಂದುಕೊಂಡೆ. ತಮಾಷೆಯಲ್ಲ!

ಜನವರಿ 19, ಭಾನುವಾರ. ಸಂಜೆ 5

ಏನೇನಾಯಿತು ಇವತ್ತು...

ಸುಹಾಸ ಡ್ಯೂಟಿ ಮುಗಿಸಿ ನೇರ ವಿಲೆ ಪಾರ್ಲೆ ಸ್ಟೇಷನ್‌ಗೆ ಬಂದ. ಕಣ್ಣು ಕೆಂಪು. ಇಬ್ಬರೂ ಗುಲಾಫಶಾಳ ಮನೆಗೆ ಹೋದೆವು, ಅವಳಿಗೆ ಇಪ್ಪತ್ಮೂರು ಇರಬಹುದು. "ನನಗ ಕನ್ನಡ ಥೋಡಾ ಥೋಡಾ ಬರ್ತದ ಆಂಟಿ" ಅಂತ ನಾಚಿಕೊಂಡಳು. ಗಿಟಾರನ್ನು ಕವರಿನಿಂದ ತೆಗೆದಳು. ಜೇನಿನ ಬಣ್ಣ. ಕನ್ನಡಿಯಂಥ ಪಾಲಿಶ್. ಕುತ್ತಿಗೆ ಎಷ್ಟು ತೆಳ್ಳಗೆ ಅಂದರೆ ನನ್ನ ಗಿಡ್ಡ ಬೆರಳುಗಳೂ ಸುತ್ತಿ ಬಂದವು.

ಇತ್ತ ಸುಹಾಸ ಒಳಕೋಣೆ ನೋಡಿ ಕೇಳಿದ. "ನಾನು ಒಳಗೆ ಮಲಗ್ತೇನೆ, ಆಗ್ಬಹುದಲ್ವಾ? ಬಾಗಿಲು ಅರ್ಧ ಮಾತ್ರ ಹಾಕಿ. ನಮ್ಮಲ್ಲಿ ಪರದೆ ಉಂಟು, ಲೆಕ್ಕ ಸರಿ ಆಗ್ತದೆ. ಕೇಳಿದ್ರೆ ಕೂಗ್ತೇನೆ."

ಯಾರದೋ ಮನೆಯ ಮಂಚದ ಮೇಲೆ ನನ್ನ ಗಂಡ ಕಾಲು ಚಾಚಿದ! ಗುಲಾಫಶಾ ದುಪಟ್ಟಾ ಬಾಯಿಗೆ ತುರುಕಿಕೊಂಡು ನಕ್ಕಳು.

ಮೆಲ್ಲಗೆ ಬಾರಿಸಿದೆ. ಕೂಗಲಿಲ್ಲ. ಸ್ವಲ್ಪ ಜೋರಾಗಿ. ಇಲ್ಲ. ಆರೂ ತಂತಿ ಒಟ್ಟಿಗೆ ಎಳೆದೆ — ಇಲ್ಲ! ಕುಣಿಯಬೇಕು ಅನ್ನಿಸಿತು. ಅಷ್ಟರಲ್ಲಿ ಒಳಗಿನಿಂದ ಗೊರಕೆ.

ಕೇಳಿಸದೆ ಮಲಗಿದನೋ, ಮಲಗಿದ್ದರಿಂದ ಕೇಳಿಸಲಿಲ್ಲವೋ? ಪರೀಕ್ಷೆ ಕೆಟ್ಟಿತು. ಎಬ್ಬಿಸಲು ಮನಸ್ಸಾಗಲಿಲ್ಲ, ರಾತ್ರಿಯಿಡೀ ನಿಂತವನು. ಗುಲಾಫಶಾ ಚಹಾ ತಂದಳು, ಖಾರಿ ಬಿಸ್ಕತ್ತು ತಂದಳು. ನಾನು ಎರಡು ಗಂಟೆ ಬಾರಿಸಿದೆ. ಮರೆತಿದ್ದೇನೆ ಅಂದುಕೊಂಡದ್ದೆಲ್ಲ ಬೆರಳಿಗೆ ನೆನಪಿತ್ತು. ಇಷ್ಟು ಖುಷಿ ನನಗೆ ಯಾವಾಗ ಆಗಿತ್ತೋ ಗೊತ್ತಿಲ್ಲ.

ಹನ್ನೆರಡಕ್ಕೆ ಅವಳ 'ಅಬ್ಬಾ', ಅಂದರೆ ತಂದೆ, ಬಂದರು. ಅಲ್ಲಾಬಕ್ಷ ಅಂತ, ಫರ್ನಿಚರ್ ಪಾಲಿಶ್ ಕೆಲಸ. ಒಳಗೆ ಇಣುಕಿ ನೋಡಿ ಗಾಬರಿಯಾದರು. "ಇಂವ ಯಾರವ್ವಾ? ನನ್ನ ಹಾಸಿಗಿ ಮ್ಯಾಲ ಯಾಕ ಮಲಗ್ಯಾನ?"

ಗುಲಾಫಶಾ ಎಲ್ಲ ಹೇಳಿದಳು. ಮಾರುವ ಸುದ್ದಿಯನ್ನು ಅವರಿಗೆ ಅವಳು ಮೊದಲು ಹೇಳಿರಲೇ ಇಲ್ಲ. ಅವರ ಮುಖ ಇಳಿದುಹೋಯಿತು. ಮಗಳಿಗಾಗಿ ಗೀರು ಬಿದ್ದ ಹಳೆಯ ಗಿಟಾರ್ ತಂದು, ಉಜ್ಜಿ ಉಜ್ಜಿ ಹೊಸ ಪಾಲಿಶ್ ಕೊಟ್ಟವರು ಅವರೇ.

"ಹದಿನೈದು ದಿನದ ಕೈಕೆಲಸ ಐತ್ರಿ ಇದು. ಮಾರೂದಿಲ್ರಿ ತಂಗಿ. ಬ್ಯಾಸರ ಮಾಡ್ಕೋಬ್ಯಾಡ್ರಿ." ನನ್ನ ಮಡಿಲಿಂದ ಎರಡೂ ಕೈಯಲ್ಲಿ ಎತ್ತಿಕೊಂಡರು, ಮಗುವನ್ನು ಎತ್ತಿಕೊಂಡ ಹಾಗೆ.

ಲೋಕಲ್‌ನಲ್ಲಿ ಸುಹಾಸ ನಿಂತೇ ತೂಕಡಿಸಿದ. ನಾನು ಕಿಟಕಿಯಾಚೆ ನೋಡಿದೆ.

ಜನವರಿ 20, ಸೋಮವಾರ

ಛೇ.

ಜನವರಿ 24, ಶುಕ್ರವಾರ. ಮಧ್ಯಾಹ್ನ 2

ಒಂಬತ್ತೂವರೆ ಆಯಿತು, ಸುಹಾಸ ಇಲ್ಲ. ಹತ್ತಾಯಿತು. ಹನ್ನೊಂದು. ಫೋನ್ ಸ್ವಿಚ್ ಆಫ್. ದೋಸೆ ಹಿಟ್ಟು ಒಳಗಿಟ್ಟೆ, ಹೊರಗಿಟ್ಟೆ, ಮತ್ತೆ ಒಳಗಿಟ್ಟೆ. ಏನೇನೋ ಯೋಚನೆ.

ಹನ್ನೆರಡೂ ಕಾಲಿಗೆ ಬಾಗಿಲು ಟಕ್ ಟಕ್. ತೆಗೆದೆ. ಡ್ಯೂಟಿ ಯೂನಿಫಾರ್ಮ್, ಬೆವರು, ಹೆಗಲಲ್ಲಿ ಕಪ್ಪು ಕವರ್.

"ಹಿಡ್ಕೋ. ಟ್ರೇನಲ್ಲಿ ಎಲ್ಲರಿಗೂ ತಾಗಿಸಿ ಬೈಸಿಕೊಂಡು ಬಂದೆ. ಹಸಿವಾಗ್ತದೆ."

"ಅವರು ಕೊಡೂದಿಲ್ಲ ಅಂದಿದ್ರಲ್ವಾ? ನೀವು ಏನು ಹೇಳಿದ್ರಿ?"

"ಎಂತ ಇಲ್ಲ."

ಎಂತ ಇಲ್ಲವಂತೆ! ಮೂರು ದೋಸೆ ತಿಂದು, ಪರದೆ ಎಳೆದುಕೊಂಡು ಬಿದ್ದ. ಆಮೇಲೆ ಗುಲಾಫಶಾಳ ವಾಯ್ಸ್ ಮೆಸೇಜ್ ಬಂತು. ಪೂರ್ತಿ ಇಲ್ಲಿ ಬರೆದಿಡುತ್ತೇನೆ, ಫೋನಿನಲ್ಲಿ ಅಳಿಸಿ ಹೋದರೆ ಕಷ್ಟ.

"ಆಂಟಿ, ಅಂಕಲ್ ಮುಂಜಾನಿ ಬಂದ್ರು. ಅಬ್ಬಾ ಮುಂದ ಕೆಳಗ ಕೂತ್ರು. ಅಂದ್ರು — ಹನ್ನೊಂದು ವರ್ಷದ ಹಿಂದೆ ಅವಳ ಗಿಟಾರ್ ಬಂದ್ ಮಾಡಿಸಿದ್ದು ನಾನು. ಅವಳು ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಒಳ್ಳೇದಿತ್ತು. ಅದಕ್ಕೇ ನಾನೇ ತಗೊಂಡು ಹೋಗ್ಬೇಕು, ಅಂತ. ಅಬ್ಬಾ ಗಿಟಾರ್ ತಗದು ತೊಡಿ ಮ್ಯಾಲ ಇಟ್ಕೊಂಡ್ರು ಆಂಟಿ. ಆಮ್ಯಾಲ ಕೇಳಿದ್ರು, ತಂಗಿ ಬಾರಿಸಿದ್ರ ನಿಮಗ ನಿದ್ದಿ ಬರ್ತದೇನು? ಅಂಕಲ್ ಅಂದ್ರು, ನಿಮ್ಮ ಮನೇಲಿ ಬಂತಲ್ಲ. ಅಬ್ಬಾ ನಕ್ಕಬಿಟ್ರು! ನಾನೂ ಅಂದೆ, ಅಬ್ಬಾ, ನನ್ನ ಹತ್ರ ಅದು ಕವರ್‌ನಾಗೇ ಇರ್ತದ, ಕೊಡ್ರಿ. ಪೈಸಾ ಎಲ್ಲಾ ಆತು, ಟೆನ್ಶನ್ ಬ್ಯಾಡ. ತಂತಿ ಹೊಸಾದು ಹಾಕೀನಿ."

ನಾಲ್ಕು ಸಲ ಕೇಳಿದೆ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತೆ. ಹನ್ನೊಂದು ವರ್ಷ ಅವನೂ ಅದನ್ನು ಹೊತ್ತುಕೊಂಡಿದ್ದ, ನನಗೆ ಗೊತ್ತೇ ಇರಲಿಲ್ಲ. ನನ್ನದೊಂದೇ ನೋವು ಅಂದುಕೊಂಡು ಕೂತಿದ್ದೆ ನಾನು, ದಡ್ಡಿ.

ಇವತ್ತು ಬಾರಿಸುವುದಿಲ್ಲ. ಪಾಪ, ಮಲಗಲಿ. ಕವರಿನ ಜಿಪ್ ತೆಗೆದು ನೋಡಿ ನೋಡಿ ಮುಚ್ಚುತ್ತಿದ್ದೇನೆ.

ಜನವರಿ 25, ಶನಿವಾರ. 11.05

ಸುಹಾಸ ಹತ್ತಕ್ಕೆ ಮಲಗಿದ. ನಿಜವಾದ ಪರೀಕ್ಷೆ ಇವತ್ತೇ. ವಿಲೆ ಪಾರ್ಲೆಯದು ಲೆಕ್ಕಕ್ಕಿಲ್ಲ.

ಅಡುಗೆಮನೆಯ ಸ್ಟೂಲ್. ಹತ್ತು ನಿಮಿಷ ಸುಮ್ಮನೆ ಮಡಿಲಲ್ಲಿಟ್ಟುಕೊಂಡು ಕೂತೆ. ಎದೆ ಹೊಡೆದುಕೊಳ್ಳುವ ಸದ್ದಿಗೇ ಅವನು ಎದ್ದಾನು ಅನ್ನಿಸಿತು. ಆಮೇಲೆ ಹೆಬ್ಬೆರಳಲ್ಲಿ ಒಂದೇ ತಂತಿ. ಪರದೆ ನೋಡಿದೆ. ಇನ್ನೊಂದು ತಂತಿ. ಮೂರು ತಂತಿ ಒಟ್ಟಿಗೆ ಒತ್ತಿ ಕಾರ್ಡ್ ಹಿಡಿದೆ... ಎಷ್ಟು ಚಂದ! ನನ್ನ ಕಿವಿಗೆ ಪೂರ್ತಿ ಕೇಳುತ್ತದೆ. ಹೊಟ್ಟೆಯ ಹತ್ತಿರ ಮರ ಗುನುಗುತ್ತದೆ.

ಮುಕ್ಕಾಲು ಗಂಟೆ ಆಯಿತು. ಕೂಗು ಬರಲಿಲ್ಲ. ಒಂದು ಸಲವೂ ಇಲ್ಲ! ಇಷ್ಟನ್ನು ಬರೆಯದಿದ್ದರೆ ಆಗದು ಅಂತ ಗಿಟಾರ್ ಗೋಡೆಗೆ ಒರಗಿಸಿ ಪೆನ್ ಹಿಡಿದೆ. ಅಕ್ಷರ ಸೊಟ್ಟ ಸೊಟ್ಟ. ಇರಲಿ. ಕಷ್ಟದ ಕಾರ್ಡ್ ಒಂದು ಇನ್ನೂ ಸರಿ ಬರುತ್ತಿಲ್ಲ, ನಾಳೆಯಿಂದ ದಿನಾ ಅದನ್ನೇ...

ಪರದೆ ಅಲ್ಲಾಡಿತು. ಅಯ್ಯೋ. ಎದ್ದ.

ನಿದ್ದೆಗಣ್ಣಿನ ಸ್ವರ. "ಯಾಕೆ ನಿಲ್ಲಿಸಿದ್ದು? ಒಳ್ಳೆ ನಿದ್ದೆ ಬಂದಿತ್ತು ಮಾರಾಯ್ತಿ..."

ಬರೆಯುವುದು ಆಮೇಲೆ. ಮೊದಲು—