ಸಂಕ ಅಳೆಯಲಿಲ್ಲ

ಇವರೇ,

ನೀವು ಗದ್ದೆಯಿಂದ ಬರುವಷ್ಟರಲ್ಲಿ ಬಾಳೆಹೊನ್ನೂರು ಬಸ್ಸು ಹೋಗಿಬಿಡ್ತದೆ, ಅದಕ್ಕೆ ಬರೆದಿಟ್ಟು ಹೊರಟೆ. ಮಗು ಒಂದೇ ಇರೋದು ಬೇಡ ಅಂತ ಸಿರಿಯನ್ನೂ ಕರ್ಕೊಂಡು ಹೋಗಿದ್ದೇನೆ. ಸಂಜೆ ಬರ್ತೇವೆ.

ಜೀಪಿನ ಕೀ ಹುಡುಕಬೇಡಿ. ನನ್ನ ಬ್ಯಾಗಲ್ಲಿದೆ.

ನಮ್ಮ ಹಳೇ ಮಹೀಂದ್ರಕ್ಕೆ ಸುಮೋ ಗಾಡಿಯ ಅಗಲದ ಹಿಂದಿನ ಆಕ್ಸೆಲ್ ಕೂರಿಸಲಿಕ್ಕೆ ವಾರವಿಡೀ ಕೊಪ್ಪದ ಗ್ಯಾರೇಜಲ್ಲಿ ನಿಂತು ಪ್ಲೇಟು, ಶಾಫ್ಟು, ಬ್ರೇಕು ಎಲ್ಲ ಅಳತೆ ಮಾಡಿಸಿದಿರಿ. ಹಳ್ಳಕ್ಕೆ ಎರಡು ದಿಮ್ಮಿ ಹಾಕಿದ ನಮ್ಮ ಸಂಕವನ್ನು ಅಳೆದಿರಾ? ಹಿಂದಿನ ಚಕ್ರ ಈಗ ಎರಡೂ ಕಡೆ ನಾಲ್ಕು ಬೆರಳು ಹೊರಗೆ ಬಂದಿದೆ. ಬೆಳಿಗ್ಗೆ ಕೋಲು ಹಿಡಿದು ನಾನೇ ನೋಡಿದೆ. ಕೋಲು ಬಾಗಿಲ ಹಿಂದಿದೆ, ಇದ್ದಿಲಲ್ಲಿ ಗುರುತು ಹಾಕಿದ್ದೇನೆ.

ಎರಡೂ ದಿಮ್ಮಿಯ ಹೊರಮಗ್ಗುಲಿಗೆ ಇನ್ನೊಂದೊಂದು ದಿಮ್ಮಿ ಕೂರಿಸಿ. ಹಳೇದನ್ನು ಜರುಗಿಸಬೇಡಿ ಮಾರಾಯ್ರೇ, ಮುಂದಿನ ಚಕ್ರ ಅದರ ಮೇಲೇ ಹೋಗಬೇಕು.

ಕಡುಬು ಪಾತ್ರೆಯಲ್ಲಿದೆ, ಬಿಸಿ ಇರುವಾಗಲೇ ತಿನ್ನಿ.

ನಿನ್ನೆ ಸಂಕ ದಾಟುವಾಗ, "ಗಾಡಿ ಈಗ ಅಲುಗೋದೇ ಇಲ್ಲ ನೋಡು" ಅಂದಿರಿ. ಹಿಂದೆ ಸಿರಿಯನ್ನು ಹಿಡ್ಕೊಂಡು ಕೂತ ನನಗೆ ಕಂಡದ್ದು ದಿಮ್ಮಿಯಿಂದ ಹೊರಗಿದ್ದ ಅರ್ಧ ಟಯರು, ಅದರ ಕೆಳಗೆ ನೀರು. ನಾನು ಕೂಗಿದ್ದರೆ ನಿಮ್ಮ ಕೈ ಅಲುಗುತ್ತಿತ್ತು. ಅದಕ್ಕೇ ಬಾಯಿ ಮುಚ್ಚಿ ಕೂತೆ.

ನೀಲಾ