ನೀರಡಿಸದ ಗಿಡಗಳು

ಶ್ರೀ ಈಶ್ವರನ ಪಾದಾರವಿಂದಗಳಿಗೆ ನಮಿಸಿ, ವಿಶ್ವಾವಸು ಸಂವತ್ಸರದ ವೈಶಾಖ ಶುದ್ಧ ದಶಮಿಯಂದು ಹೇಮಗುಡ್ಡದ ತಪ್ಪಲಿನಿಂದ ಬರೆದ ಪತ್ರ.

ಚಿರಂಜೀವಿ ಪ್ರಭುರಾಜ ಅವರಿಗೆ ಆಶೀರ್ವಾದಗಳು.

ನಿಮ್ಮ ಧರ್ಮಪತ್ನಿ, ಸಸ್ಯವಿಜ್ಞಾನಿ ಶೈಲಜಾ ಅವರು ಆಸ್ಪತ್ರೆ ಸೇರುವಾಗ ನಮ್ಮ ಗುಡಿಯ ಹಿಂದಿನ ಬಂಡೆಯ ಬಿರುಕಿನಲ್ಲಿದ್ದ ಗಿಡಗಳನ್ನು ನನಗೆ ಒಪ್ಪಿಸಿದ್ದರು. ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ಇರುಳು ಗಾಳಿಯನ್ನು ಹೀರಿ ಹುಳಿಯಾಗಿ ಕೂಡಿಟ್ಟು, ಬಿಸಿಲೇರಿದ ಮೇಲೆ ಅದರಿಂದಲೇ ಅನ್ನ ಮಾಡಿಕೊಳ್ಳುವ ಈ ಜಾತಿ ಅವರ ಸಂಶೋಧನೆಗೆ ಬೇರೆಲ್ಲಿಯೂ ದೊರೆತಿರಲಿಲ್ಲ. ಯಾರೂ ಕೀಳದಂತೆ ಕಾಯಿರಿ ಎಂದಿದ್ದರು, ಕಾದೆವು.

ಆದರೆ ಗುಡಿಯ ಕಸ ಗುಡಿಸುವ ಹಂಪವ್ವ, ಗಿಡ ಹಸಿರಾಗಿರುವವರೆಗೆ ಶೈಲಜಾ ಅವರಿಗೆ ಕೇಡಿಲ್ಲವೆಂದು ನಂಬಿ ಹರಕೆ ಹೊತ್ತು, ದಿನವೂ ಅಭಿಷೇಕದ ನೀರನ್ನು ಅವಕ್ಕೆ ಎರೆದಳು. ಅವು ನೀರಡಿಸುವ ಗಿಡಗಳಲ್ಲವೆಂದೆ.

“ನಿಮ್ಮ ಈಶ್ವರಗ ನೀರಡಿಕಿ ಐತೇನ್ರಿ ಅಯ್ನಾರ? ದಿನಾ ಕೊಡಗಟ್ಲೆ ಹೊಯ್ತೀರಲ್ರಿ!” ಎಂದು ನಕ್ಕಳು. ನಾನು ತುಂಬಿದ ಕೊಡ ಎತ್ತಿಕೊಂಡು ಅಭಿಷೇಕಕ್ಕೆ ನಡೆದೆ; ಅವಳು ಎರೆಯುತ್ತಲೇ ಇದ್ದಳು.

ಬೇರುಗಳೆಲ್ಲ ಕೊಳೆತುಹೋದವು. ನೆಡಲು ಒಂದು ಎಲೆಯೂ ಉಳಿದಿಲ್ಲ. ಇದನ್ನು ಶೈಲಜಾ ಅವರಿಗೆ ತಿಳಿಸುವುದು ನಿಮ್ಮ ವಿವೇಕಕ್ಕೆ ಬಿಟ್ಟದ್ದು. ಹಂಪವ್ವ ಮಾತ್ರ, “ಅಕ್ಕಾರ್ನ ನಾನ ಕೊಂದ್ನಿ” ಎಂದು ಅನ್ನ ಬಿಟ್ಟು ಕುಳಿತಿದ್ದಾಳೆ. ದಯವಿಟ್ಟು ಅವಳಿಗೆ ಫೋನ್ ಮಾಡಿ, ಶೈಲಜಾ ಎದ್ದು ಕುಳಿತಿದ್ದಾರೆಂದು ಹೇಳಿರಿ. ವೈದ್ಯರು ಆಸೆ ಬಿಟ್ಟಿರುವರೆಂದು ನೀವು ಮೊನ್ನೆ ತಿಳಿಸಿದ್ದನ್ನು ನಾನು ಮರೆತಿಲ್ಲ. ಆ ಸುಳ್ಳಿನ ಪಾಪ ನನಗಿರಲಿ.

ಇಂತು ಬೇಡುವ,
ಕೊಟ್ರಯ್ಯ ಶಾಸ್ತ್ರಿ

ಶೈಲಜಾ ಅವರಿಗೂ ನಿಮಗೂ ಹಂಪವ್ವನಿಗೂ ಈಶ್ವರನು ಸನ್ಮಂಗಳವನ್ನುಂಟುಮಾಡಲಿ.